ಹಿಟ್ಟೈಟರ ದ್ರಾಕ್ಷಿ ತೋಟ: ಬಳ್ಳಿ ಕಡಿದವನು ಏನು ಕೊಡಬೇಕಿತ್ತು?

ಪ್ರಶ್ನೆ: ನಮ್ಮದು ವಿಜಯಪುರದ ಕಡೆ ದ್ರಾಕ್ಷಿ ತೋಟ. ಮೂರೂವರೆ ಸಾವಿರ ವರ್ಷದ ಹಿಂದೆ ಟರ್ಕಿಯಲ್ಲಿದ್ದ ಹಿಟ್ಟೈಟ್ ಜನ ದ್ರಾಕ್ಷಿ ಬಳ್ಳಿ ಕದ್ದವರಿಗೆ ದಂಡ ಹಾಕುತ್ತಿದ್ದರು ಎಂದು ಓದಿದೆ. ಇದು ನಿಜವೇ? ಅವರು ದ್ರಾಕ್ಷಿ ಹೇಗೆ ಬೆಳೆಯುತ್ತಿದ್ದರು, ವೈನ್ ಹೇಗೆ ಮಾಡುತ್ತಿದ್ದರು, ಅದನ್ನು ಯಾರು ಕುಡಿಯುತ್ತಿದ್ದರು? ಆಗಿನ ತಳಿಗಳು ಈಗಲೂ ಇವೆಯೇ?

ಉತ್ತರ: ನಿಜ. ನೀವು ಓದಿದ್ದು ಅದರಲ್ಲಿ ಒಂದು ತುಣುಕು ಮಾತ್ರ. ಬಳ್ಳಿ ಕದ್ದವನಿಗೆ ಒಂದು ದಂಡ, ಕಡಿದವನಿಗೆ ಇನ್ನೊಂದು, ತೋಟಕ್ಕೆ ಕುರಿ ನುಗ್ಗಿಸಿದವನಿಗೆ ಮತ್ತೊಂದು, ಬೆಂಕಿ ತಗುಲಿಸಿದವನಿಗೆ ಬೇರೆಯೇ. ಹಿಟ್ಟೈಟರ ದ್ರಾಕ್ಷಿಯ ಬಗ್ಗೆ ಯಾರು ಕೇಳಿದರೂ ನಾನು ಮೊದಲು ತೋರಿಸುವುದು ಈ ಕಾನೂನನ್ನೇ. ಹಬ್ಬಗಳ ವರ್ಣನೆಯಲ್ಲಿ, ದೇವರ ಕಥೆಗಳಲ್ಲಿ ವೈನ್ ಎಷ್ಟು ಬೇಕಾದರೂ ಹರಿಯುತ್ತದೆ. ಆದರೆ ತೋಟ ಮಾಡುವವನ ಕಷ್ಟ ಗೊತ್ತಿದ್ದವರು ಬರೆದ ಮಾತು ಕಾಣುವುದು ಕಾನೂನಿನಲ್ಲಿ.

ಮೊದಲು ಈ ಜನರ ಪರಿಚಯ, ಚುಟುಕಾಗಿ. ಹಿಟ್ಟೈಟರು ಈಗಿನ ಟರ್ಕಿಯ ನಡುಭಾಗದಲ್ಲಿ, ಅಂದರೆ ಅನಟೋಲಿಯದ ಎತ್ತರದ ಬಯಲಿನಲ್ಲಿ, ಸುಮಾರು ಕ್ರಿ.ಪೂ. 1650ರಿಂದ 1180ರವರೆಗೆ ಆಳಿದವರು. ರಾಜಧಾನಿ ಹಟ್ಟುಸ. ಅದರ ಅವಶೇಷ ಚೋರುಮ್ ಪ್ರಾಂತ್ಯದ ಬೊವಾಜ್‌ಕಲೆ ಊರಿನ ಪಕ್ಕದಲ್ಲಿದೆ. 1906ರಲ್ಲಿ ಹ್ಯೂಗೊ ವಿಂಕ್ಲರ್ ಮತ್ತು ಥಿಯೊಡೋರ್ ಮಕ್ರಿದಿ ಅಲ್ಲಿ ಅಗೆಯಲು ಶುರು ಮಾಡಿದಾಗ ಬೆಣೆಲಿಪಿಯ ಮಣ್ಣಿನ ಹಲಗೆಗಳು ರಾಶಿ ರಾಶಿ ಸಿಕ್ಕವು. ಚೂರುಗಳನ್ನೂ ಸೇರಿಸಿದರೆ ಈಗ ಸುಮಾರು 30,000 ಆಗುತ್ತವೆ. 1915ರಲ್ಲಿ ಚೆಕ್ ವಿದ್ವಾಂಸ ಬೆಡ್ರಿಖ್ ಹ್ರೋಜ್ನಿ ಆ ಭಾಷೆಯನ್ನು ಓದುವ ದಾರಿ ಕಂಡುಕೊಂಡರು. ಕಾನೂನು, ಪೂಜಾವಿಧಿ, ದಾನಪತ್ರ, ಯುದ್ಧದ ವರದಿ ಎಲ್ಲವೂ ಈ ಹಲಗೆಗಳಲ್ಲಿವೆ. ಇವುಗಳಲ್ಲಿ ಹಲವು ಕಡೆ ದ್ರಾಕ್ಷಿ ಇದೆ.

ಇನ್ನು ಕಾನೂನಿಗೆ ಬರೋಣ. ಒಟ್ಟು ಸುಮಾರು 200 ಕಲಂಗಳು. ದ್ರಾಕ್ಷಿಯ ವಿಚಾರದಲ್ಲಿ ದಂಡ ಹೆಚ್ಚಾಗಿ ಬೆಳ್ಳಿಯಲ್ಲಿ. ಆಗ ನಾಣ್ಯ ಇರಲಿಲ್ಲ, ಬೆಳ್ಳಿಯನ್ನು ತೂಗಿ ಕೊಡುತ್ತಿದ್ದರು. ತೂಕದ ಹೆಸರು ಶೆಕೆಲ್. ಹಿಟ್ಟೈಟರಲ್ಲಿ 40 ಶೆಕೆಲ್ ಸೇರಿದರೆ ಒಂದು ಮಿನ. ಬೆಲೆಯ ಅಂದಾಜು ಸಿಗಲಿ ಅಂತ ಅದೇ ಕಾನೂನಿನಲ್ಲಿರುವ ದರ ಹೇಳುತ್ತೇನೆ: ಒಂದು ಕುರಿಗೆ 1 ಶೆಕೆಲ್, ಬೆಳೆದ ಹಸುವಿಗೆ 7, ಉಳುವ ಎತ್ತಿಗೆ 12.

ಬಳ್ಳಿ ಅಥವಾ ಬಳ್ಳಿಯ ಕೊಂಬೆ ಕದ್ದರೆ ಹಿಂದೆ 1 ಶೆಕೆಲ್ ದಂಡ ಇತ್ತು, ಜೊತೆಗೆ ಕಳ್ಳನಿಗೆ ಈಟಿಯ ಏಟು. ಆಮೇಲೆ ಏಟನ್ನು ತೆಗೆದುಹಾಕಿ ದಂಡ ಏರಿಸಿದರು. ಸ್ವತಂತ್ರ ಮನುಷ್ಯ 6 ಶೆಕೆಲ್ ಕೊಡಬೇಕು, ಗುಲಾಮ 3. 'ಹಿಂದೆ ಹೀಗೆ ಮಾಡುತ್ತಿದ್ದರು, ಈಗ ಹೀಗೆ' ಎಂದು ಕಾನೂನೇ ಬಾಯಿಬಿಟ್ಟು ಹೇಳುತ್ತದೆ. ಹಿಟ್ಟೈಟರ ಕಾನೂನಿನ ಉದ್ದಕ್ಕೂ ಈ ಗುಣ ಇದೆ. ಮೈಗೆ ಪೆಟ್ಟು ಕೊಡುವ ಬದಲು ಕಳೆದುಕೊಂಡವನಿಗೆ ನಷ್ಟ ತುಂಬಿಸಿಕೊಡುವ ಕಡೆಗೆ ಅವರು ಕ್ರಮೇಣ ಹೊರಳಿದರು.

ಇನ್ನೊಂದು ಕಲಂ ಬೇಲಿಯ ವಿಚಾರದ್ದು. ಬೇಲಿ ಹಾಕಿದ ತೋಟದಿಂದ ನೂರು ಬಳ್ಳಿ ಕದ್ದರೆ 6 ಶೆಕೆಲ್. ಬೇಲಿ ಇಲ್ಲದ ತೋಟದಿಂದ ಕೊಂಬೆ ಕದ್ದರೆ 3. ಕೊಂಬೆಯನ್ನು ಕದಿಯುವುದಾದರೂ ಯಾಕೆ? ನಿಮಗೆ ಇದನ್ನು ವಿವರಿಸಬೇಕಾಗಿಲ್ಲ. ದ್ರಾಕ್ಷಿಯನ್ನು ಬೀಜದಿಂದ ಬೆಳೆಸಿದರೆ ತಾಯಿ ಬಳ್ಳಿಯ ಗುಣ ಬರುವುದಿಲ್ಲ. ಒಳ್ಳೆಯ ಬಳ್ಳಿಯ ಕಡ್ಡಿ ಊರಿದರೆ ಮಾತ್ರ ಅದೇ ಹಣ್ಣು ಸಿಗುತ್ತದೆ. ಹಾಗಾಗಿ ಇದು ಸುಮ್ನೆ ಸೌದೆಗಾಗಿ ಮಾಡುವ ಕಳ್ಳತನ ಅಲ್ಲ ಎಂದು ನನ್ನ ತಿಳಿವಳಿಕೆ. ಯಾರದೋ ಹಲವು ವರ್ಷಗಳ ಆಯ್ಕೆಯನ್ನೇ ಎತ್ತಿಕೊಂಡು ಹೋಗಿ ತನ್ನ ಹೊಲದಲ್ಲಿ ನೆಡುವ ಕೆಲಸ ಅದು. ನೂರರ ಲೆಕ್ಕ ಇರುವುದೂ ಅದಕ್ಕೇ ಹೊಂದುತ್ತದೆ. ಹೊಸ ತೋಟ ಹಾಕುವವನಿಗೆ ಬೇಕಾಗುವುದು ಅಷ್ಟು ಕಡ್ಡಿ.

ಕುರಿಯ ಕಲಂ ಇನ್ನೂ ಚೆನ್ನಾಗಿದೆ. ಹಣ್ಣು ಇರುವಾಗ ಯಾರಾದರೂ ತೋಟಕ್ಕೆ ಕುರಿ ಬಿಟ್ಟು ಹಾಳು ಮಾಡಿದರೆ, ಪ್ರತಿ ಇಕುವಿಗೆ 10 ಶೆಕೆಲ್ ಕೊಡಬೇಕು. ಹಣ್ಣು ಕಿತ್ತಾದ ಮೇಲೆ ಬಿಟ್ಟರೆ 3. ಇಕು ಅಂದರೆ ಮೆಸೊಪೊಟೇಮಿಯದ ಅಳತೆಯಲ್ಲಿ ಸುಮಾರು 3,600 ಚದರ ಮೀಟರ್, ನಿಮ್ಮ ಲೆಕ್ಕಕ್ಕೆ 35 ಗುಂಟೆ ಚಿಲ್ಲರೆ. ಹಣ್ಣಿಲ್ಲದ ತೋಟಕ್ಕೂ ದಂಡ ಇಟ್ಟಿದ್ದಾರೆ, ಗಮನಿಸಿ. ಕುರಿ ಎಳೆ ತೊಗಟೆ ಕೆರೆಯುತ್ತದೆ, ಮೊಗ್ಗು ತಿನ್ನುತ್ತದೆ, ಬರುವ ವರ್ಷದ ಬೆಳೆಗೆ ಪೆಟ್ಟು ಬೀಳುತ್ತದೆ. ಕಾನೂನು ಬರೆದವರಿಗೆ ಇದು ಗೊತ್ತಿತ್ತು.

ಹೊಲಕ್ಕೆ ಹಚ್ಚಿದ ಬೆಂಕಿ ಹಣ್ಣು ಬಿಡುವ ತೋಟಕ್ಕೆ ಹಬ್ಬಿ ಬಳ್ಳಿಯೋ ಸೇಬಿನ ಮರವೋ ಸುಟ್ಟರೆ, ಒಂದೊಂದು ಗಿಡಕ್ಕೂ 6 ಶೆಕೆಲ್. ಅಷ್ಟಕ್ಕೇ ಮುಗಿಯುವುದಿಲ್ಲ, ಸುಟ್ಟವನೇ ಮತ್ತೆ ನೆಟ್ಟುಕೊಡಬೇಕು. ಈ ಕಲಮಿನಿಂದ ಇನ್ನೊಂದು ಸಂಗತಿಯೂ ತಿಳಿಯುತ್ತದೆ. ಅವರ ತೋಟದಲ್ಲಿ ಬಳ್ಳಿಯ ಜೊತೆಗೆ ಹಣ್ಣಿನ ಮರಗಳೂ ಇರುತ್ತಿದ್ದವು.

ಇಷ್ಟರಲ್ಲೂ ನನ್ನನ್ನು ಅತಿ ಹೆಚ್ಚು ಹಿಡಿದು ನಿಲ್ಲಿಸಿದ್ದು 113ನೇ ಕಲಂ. ಒಬ್ಬ ಇನ್ನೊಬ್ಬನ ಬಳ್ಳಿಯನ್ನು ಕಡಿದ ಅಂದುಕೊಳ್ಳಿ. ಕಡಿದುಬಿದ್ದ ಬಳ್ಳಿಯನ್ನು ಅವನೇ ಇಟ್ಟುಕೊಳ್ಳಲಿ ಎನ್ನುತ್ತದೆ ಕಾನೂನು. ಬದಲಿಗೆ ತನ್ನದೊಂದು ಒಳ್ಳೆಯ ಬಳ್ಳಿಯನ್ನು ತೋಟದವನಿಗೆ ಬಿಟ್ಟುಕೊಡಬೇಕು. ಎಲ್ಲಿಯವರೆಗೆ? ತೋಟದವನ ಬಳ್ಳಿ ಮತ್ತೆ ಚಿಗುರಿ ಸುಧಾರಿಸಿಕೊಳ್ಳುವವರೆಗೆ. ಅಲ್ಲಿಯವರೆಗೂ ತೋಟದವನು ಕಡಿದವನ ಬಳ್ಳಿಯ ಹಣ್ಣು ಕೊಯ್ದುಕೊಳ್ಳುತ್ತಾನೆ. ಇಲ್ಲಿ ಬೆಳ್ಳಿಯ ಮಾತೇ ಇಲ್ಲ. ದುಡ್ಡು ಬಿಸಾಕಿ ಕೈ ತೊಳೆದುಕೊಳ್ಳುವ ಹಾಗಿಲ್ಲ. ಬುಡ ಉಳಿದ ದ್ರಾಕ್ಷಿ ಬಳ್ಳಿ ಮತ್ತೆ ಚಿಗುರುತ್ತದೆ, ಆದರೆ ಪೂರಾ ಫಸಲಿಗೆ ಬರಲು ಎರಡು ಮೂರು ವರ್ಷ ಬೇಕು. ತೋಟದವನಿಗೆ ತಪ್ಪಿಹೋದದ್ದು ಆ ವರ್ಷಗಳ ಸುಗ್ಗಿ, ಅದನ್ನು ಹಣ್ಣಿನ ರೂಪದಲ್ಲೇ ತುಂಬಿಕೊಡು ಎಂಬುದು ಇಲ್ಲಿನ ನ್ಯಾಯ. ಬೆಳೆ ನಷ್ಟದ ಪರಿಹಾರವನ್ನು ಇಷ್ಟು ಸರಿಯಾಗಿ ಯೋಚಿಸಿದ ಹಳೆಯ ಕಾನೂನು ಇನ್ನೊಂದನ್ನು ನಾನು ಓದಿಲ್ಲ.

ಇದೇ ಕಾರಣಕ್ಕೆ ಭೂಮಿಯ ಬೆಲೆಯೂ ಹಾಗಿತ್ತು. ಸಾಮಾನ್ಯ ಹೊಲ ಇಕುವಿಗೆ ಎರಡು ಮೂರು ಶೆಕೆಲ್. ದ್ರಾಕ್ಷಿ ತೋಟವಾದರೆ 40 ಶೆಕೆಲ್, ಪೂರಾ ಒಂದು ಮಿನ. ಮೂರು ಉಳುವ ಎತ್ತು ಕೊಂಡರೂ ಇನ್ನೂ ಬೆಳ್ಳಿ ಮಿಗುತ್ತಿತ್ತು. ರಾಜರು ತಮಗೆ ಬೇಕಾದವರಿಗೆ ಆಸ್ತಿ ಬರೆದುಕೊಡುವ ದಾನಪತ್ರಗಳಲ್ಲಿ ಮನೆ, ಆಳು, ದನಗಳ ಜೊತೆ ದ್ರಾಕ್ಷಿ ತೋಟವನ್ನು ಬೇರೆಯಾಗಿ ಹೆಸರಿಸಿರುವುದು ಸಹಜವೇ.

ಬೆಳೆಯುವ ವಿಧಾನದ ಬಗ್ಗೆ ಕೇಳಿದ್ದೀರಿ. ನಿಮ್ಮ ಕಡೆಗೂ ಅಲ್ಲಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ವಿಜಯಪುರದಲ್ಲಿ ಚಳಿ ಸಾಕಷ್ಟಿಲ್ಲದ ಕಾರಣ ಬಳ್ಳಿ ತಾನಾಗಿ ಮಲಗುವುದಿಲ್ಲ. ಅದಕ್ಕೇ ವರ್ಷಕ್ಕೆ ಎರಡು ಸಲ ಚಾಟನಿ ಮಾಡಿ ಬೆಳೆಯನ್ನು ನೀವೇ ಹೊರಡಿಸುತ್ತೀರಿ. ಅನಟೋಲಿಯದ ಬಯಲಿನಲ್ಲಿ ಚಳಿಗಾಲಕ್ಕೆ ಹಿಮ ಬೀಳುತ್ತದೆ. ಬಳ್ಳಿ ಎಲೆ ಉದುರಿಸಿ ತಿಂಗಳುಗಟ್ಟಲೆ ಮಲಗುತ್ತದೆ, ವಸಂತದಲ್ಲಿ ಚಿಗುರುತ್ತದೆ, ಶರತ್ಕಾಲಕ್ಕೆ ಒಂದೇ ಒಂದು ಕೊಯ್ಲು. ಬೇಸಿಗೆಯಲ್ಲಿ ಹಗಲು ಬಿಸಿ, ರಾತ್ರಿ ತಂಪು. ಇದರಿಂದ ಹಣ್ಣಿನಲ್ಲಿ ಸಕ್ಕರೆ ತುಂಬಿಕೊಂಡರೂ ಹುಳಿ ಉಳಿಯುತ್ತದೆ. ವೈನಿಗೆ ಬೇಕಾದ್ದೇ ಅದು. ಹಟ್ಟುಸ ಸುಮಾರು 1,000 ಮೀಟರ್ ಎತ್ತರದಲ್ಲಿರುವ ಚಳಿಯ ಊರು. ತಗ್ಗಿನ ಕಣಿವೆಗಳು, ದಕ್ಷಿಣದ ಕೊನ್ಯ, ನಿಗ್ದೆ ಕಡೆಯ ಸೀಮೆ ದ್ರಾಕ್ಷಿಗೆ ಇನ್ನೂ ಹಿತ.

ಕೊಯ್ಲಿನ ಕಾಲ ಎಷ್ಟು ಮುಖ್ಯವಾಗಿತ್ತೆಂದರೆ ಸಾಲದ ಗಡುವನ್ನೂ ಅದರ ಮೇಲೆ ಇಡುತ್ತಿದ್ದರು. ಹಿಟ್ಟೈಟ್ ರಾಜ್ಯ ಏಳುವುದಕ್ಕೂ ಮೊದಲು, ಕ್ರಿ.ಪೂ. 20ರಿಂದ 18ನೇ ಶತಮಾನದಲ್ಲಿ, ಅಸ್ಸೀರಿಯದ ವ್ಯಾಪಾರಿಗಳು ಈಗಿನ ಕೈಸೆರಿ ಬಳಿಯ ಕುಲ್‌ತೆಪೆಯಲ್ಲಿ, ಆಗಿನ ಕನೇಶ್ ನಗರದಲ್ಲಿ, ನೆಲೆಯೂರಿದ್ದರು. ಅವರ ಸಾಲಪತ್ರಗಳಲ್ಲಿ 'ದ್ರಾಕ್ಷಿ ಕೊಯ್ಲಿಗೆ ತೀರಿಸತಕ್ಕದ್ದು' ಎಂಬ ಷರತ್ತು ಕಾಣುತ್ತದೆ. ಊರಿನವರ ಕೈಯಲ್ಲಿ ಮಾಲು ಬರುವ ಕಾಲ ಯಾವುದೆಂದು ಸಾಲ ಕೊಟ್ಟವರಿಗೆ ಗೊತ್ತಿತ್ತು, ಅಲ್ವಾ? ಹಿಟ್ಟೈಟರ ಕಾಲದಲ್ಲಿ ಕೊಯ್ಲಿಗೆ ಹಬ್ಬವೇ ಇತ್ತು. ತೋಟ ಏಳಿಗೆಯಾಗದೇ ಹೋದರೆ ಮಾಡಬೇಕಾದ ಶಾಂತಿಯೂ ಇತ್ತು. ಕಪ್ಲಾವಿಯ ಎಂಬ ಊರಿನ ಅನ್ನ ಎನ್ನುವ ಹೆಂಗಸಿನ ಹೆಸರಿನಲ್ಲಿ ಅದರ ವಿಧಿ ಒಂದು ಹಲಗೆಯಲ್ಲಿ ಉಳಿದಿದೆ.

ವೈನ್ ಮಾಡುವುದು ಆ ಸೀಮೆಗೆ ಹಿಟ್ಟೈಟರು ತಂದ ವಿದ್ಯೆ ಅಲ್ಲ. ಜಾರ್ಜಿಯದಲ್ಲಿ ಸಿಕ್ಕ ಮಡಕೆ ಚೂರುಗಳಲ್ಲಿ ದ್ರಾಕ್ಷಿಯ ಗುರುತಾದ ಟಾರ್ಟಾರಿಕ್ ಆಮ್ಲ ಕಂಡುಬಂದಿದೆ, ಅವು ಸುಮಾರು ಕ್ರಿ.ಪೂ. 6000ದವು. ಅರ್ಮೇನಿಯದ ಅರೇನಿ ಗುಹೆಯಲ್ಲಿ ಸುಮಾರು ಕ್ರಿ.ಪೂ. 4000ದ ವೈನ್ ಕೆಲಸದ ಜಾಗವೇ ಸಿಕ್ಕಿದೆ. ಹಣ್ಣು ತುಳಿಯುವ ಇಳಿಜಾರು ನೆಲ, ರಸ ಹರಿದುಬಂದು ಸೇರುವ ಹೂತಿಟ್ಟ ಗುಡಾಣ. ಕೆಲಸದ ಮೂಲ ಕ್ರಮ ಸಾವಿರಾರು ವರ್ಷ ಬದಲಾಗಲಿಲ್ಲ. ಹಣ್ಣು ತುಳಿ, ರಸ ಹಿಡಿ, ಗುಡಾಣಕ್ಕೆ ತುಂಬು. ಸಿಪ್ಪೆಯ ಮೇಲೆ ಮತ್ತು ಆಸುಪಾಸಿನಲ್ಲಿರುವ ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮಾಡುತ್ತದೆ. ಬೇರೆ ಏನೂ ಬೆರೆಸಬೇಕಿಲ್ಲ. ಕಷ್ಟ ಶುರುವಾಗುವುದು ಆಮೇಲೆ. ಗಾಳಿ ಆಡಿದರೆ ವೈನ್ ವಿನೆಗರ್ ಆಗುತ್ತದೆ. ಗುಡಾಣವನ್ನು ನೆಲದಲ್ಲಿ ಹೂತು, ಬಾಯಿ ಮುಚ್ಚಿ, ತಂಪಾಗಿ ಇಡುವುದರಲ್ಲೇ ಅರ್ಧ ಜಾಣತನ. ಹಟ್ಟುಸದ ಮಹಾದೇವಾಲಯದ ಸುತ್ತ ಉದ್ದುದ್ದ ಉಗ್ರಾಣಗಳಿದ್ದವು. ಅವುಗಳಲ್ಲಿ ನೆಲಕ್ಕೆ ಹೂತ ಭಾರಿ ಗುಡಾಣಗಳ ಸಾಲು ಈಗಲೂ ಕಾಣಸಿಗುತ್ತದೆ. ಧಾನ್ಯ, ಎಣ್ಣೆ, ವೈನ್ ತುಂಬಿಡುತ್ತಿದ್ದದ್ದು ಇಂಥ ಗುಡಾಣಗಳಲ್ಲೇ.

ಹಲಗೆಗಳಲ್ಲಿ ಬಗೆಬಗೆಯ ವೈನ್ ಹೆಸರುಗಳಿವೆ. ಕೆಂಪು, ಸಿಹಿ, ಹುಳಿ, ಹೊಸದು, ಹಳೆಯದು, ಶುದ್ಧ, ಒಳ್ಳೆಯದು. ಜೇನು ಬೆರೆಸಿದ್ದೂ ಇತ್ತು. ಒಣದ್ರಾಕ್ಷಿಯೂ ಪಟ್ಟಿಗಳಲ್ಲಿ ಸಿಗುತ್ತದೆ. ಮಣೂಕ ಮಾಡುವ ಊರಿನವರು ನೀವು, ಇದನ್ನು ಕೇಳಿ ಖುಷಿಪಡುತ್ತೀರಿ ಎಂದು ಬರೆದೆ.

ಯಾರು ಕುಡಿಯುತ್ತಿದ್ದರು ಎಂಬುದಕ್ಕೆ ಮೊದಲ ಉತ್ತರ: ದೇವರು. ಆಮೇಲೆ ರಾಜ, ರಾಣಿ, ಅರಮನೆಯವರು. ವಸಂತದಲ್ಲಿ 38 ದಿನ ನಡೆಯುವ ಒಂದು ಹಬ್ಬ ಇತ್ತು. ರಾಜ ರಾಣಿ ಊರಿಂದ ಊರಿಗೆ ಹೋಗಿ ಒಂದೊಂದು ದೇವರಿಗೂ ವೈನ್ ಎರೆಯುತ್ತಿದ್ದರು. ಪಾನದ ಬಟ್ಟಲು ಹಿಡಿದವನು ಕುಕ್ಕರಗಾಲಿನಲ್ಲಿ ಕೂರುತ್ತಾನೆ, ವಾದ್ಯ ನುಡಿಸುತ್ತಾರೆ, ಗಾಯಕರು ಹಾಡುತ್ತಾರೆ, ರೊಟ್ಟಿ ಮುರಿಯುತ್ತಾರೆ. ಇದೇ ಕ್ರಮ ಹಲಗೆಯಿಂದ ಹಲಗೆಗೆ ಮತ್ತೆ ಮತ್ತೆ ಬರುತ್ತದೆ. ಪಾತ್ರೆಗಳಂತೂ ನೋಡಿಯೇ ತಿಳಿಯಬೇಕು. ಜಿಂಕೆಯ ಮುಂಭಾಗದ ಆಕಾರದ ಒಂದು ಬೆಳ್ಳಿ ಪಾತ್ರೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಅಂಕಾರದ ಅನಟೋಲಿಯನ್ ನಾಗರಿಕತೆಗಳ ಮ್ಯೂಸಿಯಂನಲ್ಲಿ ಇನಾಂದಿಕ್ ಎಂಬಲ್ಲಿ ಸಿಕ್ಕ ದೊಡ್ಡ ಮಣ್ಣಿನ ಪಾತ್ರೆ ಇದೆ, ಎತ್ತರ 80 ಸೆಂಟಿಮೀಟರಿಗೂ ಸ್ವಲ್ಪ ಜಾಸ್ತಿ. ಮೈಮೇಲೆ ನಾಲ್ಕು ಸಾಲಿನಲ್ಲಿ ಮೆರವಣಿಗೆ, ವಾದ್ಯದವರು, ಪೂಜೆ. ಅದರ ಬಾಯಂಚು ಟೊಳ್ಳು. ಅಂಚಿಗೆ ಸುರಿದ ದ್ರವ ಒಳಗಿರುವ ಗೂಳಿಯ ತಲೆಯ ಬಾಯಿಂದ ಪಾತ್ರೆಯೊಳಗೆ ಬೀಳುತ್ತದೆ.

ದೇವರ ಪಾಲನ್ನು ಕಾಯುವುದು ಸಣ್ಣ ಕೆಲಸ ಆಗಿರಲಿಲ್ಲ. ದೇವಾಲಯದ ನೌಕರರಿಗೆ ಬರೆದ ಆಜ್ಞೆಯಲ್ಲಿ ಎಚ್ಚರಿಕೆಯ ಮೇಲೆ ಎಚ್ಚರಿಕೆ ಇದೆ. ದೇವರಿಗೆ ಬಂದ ರೊಟ್ಟಿ, ಬಿಯರ್, ವೈನನ್ನು ಮನೆಗೆ ಸಾಗಿಸಬೇಡಿ. ಪ್ರಸಾದವನ್ನು ಅದೇ ದಿನ ಮುಗಿಸಿ, ಆಗದಿದ್ದರೆ ಮೂರು ದಿನದೊಳಗೆ. ಹೆಂಡತಿ ಮಕ್ಕಳಿಗೆ ಕೊಡಬೇಡಿ. ಕುಡಿದು ದೇವಾಲಯದಲ್ಲಿ ಜಗಳ ತೆಗೆದವನಿಗೆ ಹೊಡೆತ. ಅರಮನೆಯ ಹಳೆಯ ಪ್ರಸಂಗಗಳ ಒಂದು ಹಲಗೆಯಲ್ಲಿ ಜಿದಿ ಎಂಬ ಪಾನದ ಅಧಿಕಾರಿಯ ಕಥೆ ಇದೆ. ಇಬ್ಬರಿಗೆ ಒಂದು ಪಾತ್ರೆ ವೈನ್ ಕೊಡಲು ರಾಜ ಹೇಳಿದ್ದ. ಜಿದಿ ರಾಜನ ಮುಂದೆ ಒಳ್ಳೆಯ ವೈನ್ ಇಟ್ಟ, ಅವರಿಗೆ ಸಿಕ್ಕಿದ್ದು ಬೇರೆ ವೈನ್. ಒಬ್ಬ ಬಂದು 'ರಾಜ ನೋಡಿದ ವೈನ್ ನಮಗೆ ಕೊಡಲಿಲ್ಲ' ಎಂದ, ಇನ್ನೊಬ್ಬನೂ ಬಂದು ಅದನ್ನೇ ಹೇಳಿದ. ಜಿದಿಯನ್ನು ಎಳೆದೊಯ್ದು ಶಿಕ್ಷಿಸಿದರು, ಅವನು ಸತ್ತ.

ಸಾಮಾನ್ಯ ಜನರಿಗೆ ದಿನದ ಪಾನೀಯ ಬಾರ್ಲಿಯ ಬಿಯರ್. ಆದರೆ ವೈನ್ ಅವರ ಕೈಗೆ ಸಿಗುತ್ತಲೇ ಇರಲಿಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಕಾನೂನಿನ ದರಪಟ್ಟಿಯಲ್ಲಿ 1 ಶೆಕೆಲ್‌ಗೆ ಮೂರು ಅಳತೆ ಗೋಧಿ. ಅದೇ ಅಳತೆಯ ವೈನ್ ಅರ್ಧ ಶೆಕೆಲ್. ಅಂದರೆ ವೈನ್ ಗೋಧಿಗಿಂತ ಒಂದೂವರೆ ಪಟ್ಟು ದುಬಾರಿ, ಅಷ್ಟೇ. ದರ ಕಟ್ಟಿ ಮಾರುವ ಸರಕು ಅರಮನೆಯ ಗೋಡೆಯೊಳಗೆ ಮಾತ್ರ ಉಳಿಯುವುದಿಲ್ಲ.

ಅವರ ನಂಬಿಕೆಯಲ್ಲಿ ವೈನ್ ಎಷ್ಟು ಆಳಕ್ಕೆ ಇಳಿದಿತ್ತು ನೋಡಿ. ಬೆಳೆಯ ದೇವರು ತೆಲಿಪಿನು ಸಿಟ್ಟಾಗಿ ಹೊರಟುಹೋಗುತ್ತಾನೆ, ಲೋಕ ಒಣಗುತ್ತದೆ. ಅವನನ್ನು ಮರಳಿ ಕರೆಯುವ ಮಂತ್ರದಲ್ಲಿ ಹೇಳುತ್ತಾರೆ: ದ್ರಾಕ್ಷಿ ತನ್ನೊಳಗೆ ವೈನ್ ಇಟ್ಟುಕೊಂಡ ಹಾಗೆ, ಆಲಿವ್ ತನ್ನೊಳಗೆ ಎಣ್ಣೆ ಇಟ್ಟುಕೊಂಡ ಹಾಗೆ, ನೀನೂ ಒಳಗೆ ಒಳ್ಳೆಯತನ ಇಟ್ಟುಕೋ. ಇನ್ನೊಂದು ಕಥೆಯಲ್ಲಿ ಇನಾರ ಎಂಬ ದೇವತೆ ಇಲ್ಲುಯಂಕ ಎಂಬ ಮಹಾಸರ್ಪವನ್ನು ಊಟಕ್ಕೆ ಕರೆಯುತ್ತಾಳೆ. ಗುಡಾಣಗಟ್ಟಲೆ ವೈನ್ ಮತ್ತು ಬೇರೆ ಪಾನೀಯ ಇಡುತ್ತಾಳೆ. ಸರ್ಪ ಮಕ್ಕಳ ಸಮೇತ ಬಂದು ಎಲ್ಲವನ್ನೂ ಬರಿದು ಮಾಡುತ್ತದೆ, ಮತ್ತೆ ಬಿಲದೊಳಗೆ ಇಳಿಯಲು ಆಗುವುದಿಲ್ಲ. ಹುಪಾಸಿಯ ಎಂಬ ಮನುಷ್ಯ ಅದನ್ನು ಹಗ್ಗದಲ್ಲಿ ಕಟ್ಟುತ್ತಾನೆ, ಗುಡುಗಿನ ದೇವರು ಕೊಲ್ಲುತ್ತಾನೆ. ಸೈನಿಕರು ಪ್ರಮಾಣ ಮಾಡುವಾಗ ವೈನನ್ನು ನೆಲಕ್ಕೆ ಸುರಿದು 'ಇದು ವೈನ್ ಅಲ್ಲ, ನಿಮ್ಮ ರಕ್ತ. ನೆಲ ಇದನ್ನು ನುಂಗಿದಂತೆ ನಿಮ್ಮ ರಕ್ತವನ್ನೂ ನುಂಗಲಿ' ಎಂದು ಅವರಿಗೆ ಹೇಳುತ್ತಿದ್ದರು. ಮಾತಿಗೆ ತಪ್ಪಿದವರಿಗೆ ಆ ಶಾಪ. ರಾಜ ಸತ್ತರೆ 14 ದಿನದ ಕ್ರಿಯೆ. ಚಿತೆಯ ಬೆಂಕಿಯನ್ನು ಮರುದಿನ ಬೆಳಗ್ಗೆ ಹೆಂಗಸರು ಆರಿಸುತ್ತಿದ್ದದ್ದು ಹತ್ತು ಹೂಜಿ ಬಿಯರ್, ಹತ್ತು ಹೂಜಿ ವೈನ್, ಹತ್ತು ಹೂಜಿ ಇನ್ನೊಂದು ಪಾನೀಯದಿಂದ. ಆಮೇಲೆ ಮೂಳೆಗಳನ್ನು ಆಯ್ದುಕೊಳ್ಳುತ್ತಿದ್ದರು.

ಸೈನ್ಯದ ಅತಿ ದೊಡ್ಡ ಹುದ್ದೆಗಳಲ್ಲೊಂದರ ಹೆಸರೂ 'ವೈನಿನ ಮುಖ್ಯಸ್ಥ'. ಮೊದಲು ಇದು ಅರಮನೆಯ ಪಾನದ ಉಸ್ತುವಾರಿ ಇದ್ದಿರಬೇಕು. ರಾಜನ ಬಟ್ಟಲಿಗೆ ಹತ್ತಿರ ಇದ್ದವನು ನಂಬಿಕಸ್ಥ, ನಂಬಿಕಸ್ಥನ ಕೈಗೆ ಸೈನ್ಯ. ಎರಡನೇ ಮುರ್ಸಿಲಿ ರಾಜನ ಕಾಲದಲ್ಲಿ ಈ ಹುದ್ದೆಯಲ್ಲಿದ್ದ ನುವಾನ್ಜ ಪೂರ್ವದ ಹಯಾಸ ನಾಡಿನವರನ್ನು ಕನ್ನುವಾರ ಎಂಬಲ್ಲಿ ಸೋಲಿಸಿದ.

ಒಂದು ಚಿತ್ರದ ಬಗ್ಗೆ ಎಚ್ಚರಿಸಬೇಕು. 'ಹಿಟ್ಟೈಟರ ದ್ರಾಕ್ಷಿ' ಎಂದು ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು ಬಂಡೆಯ ಮೇಲಿನ ಒಂದು ದೊಡ್ಡ ಕೆತ್ತನೆ. ದೇವರ ಒಂದು ಕೈಯಲ್ಲಿ ದ್ರಾಕ್ಷಿ ಗೊಂಚಲು, ಇನ್ನೊಂದರಲ್ಲಿ ಗೋಧಿ ತೆನೆ. ಮುಂದೆ ಕೈಮುಗಿದು ನಿಂತ ರಾಜ. ಇದು ಕೊನ್ಯ ಪ್ರಾಂತ್ಯದ ಇವ್ರಿಜ್‌ನಲ್ಲಿದೆ, ನೀರಿನ ಬುಗ್ಗೆಯ ಪಕ್ಕ. ದೇವರು ನಾಲ್ಕು ಮೀಟರಿಗೂ ಎತ್ತರ. ಆದರೆ ಇದು ಹಟ್ಟುಸದ ಸಾಮ್ರಾಜ್ಯದ ಕಾಲದ್ದಲ್ಲ. ಕ್ರಿ.ಪೂ. 8ನೇ ಶತಮಾನದಲ್ಲಿ ತುವಾನ ಎಂಬ ಸಣ್ಣ ರಾಜ್ಯವಾಳಿದ ವರ್ಪಲವ ಮಾಡಿಸಿದ್ದು. ಅಷ್ಟೊತ್ತಿಗೆ ಹಟ್ಟುಸ ಪಾಳುಬಿದ್ದು 400 ವರ್ಷ ದಾಟಿತ್ತು. ಇದೇ ರಾಜನ ಸೇವಕನೊಬ್ಬ ಸುಲ್ತಾನ್‌ಹಾನ್ ಎಂಬಲ್ಲಿ 'ತೋಟದ ತರ್ಹುಂಜ'ನಿಗೆ ಕಲ್ಲು ನಿಲ್ಲಿಸಿದ್ದಾನೆ. ತರ್ಹುಂಜ ಗುಡುಗು ಮಳೆಯ ದೇವರು.

ಈ ನಡುವಿನ ಅಂತರ ನನಗೆ ತುಂಬ ಮುಖ್ಯ ಅನಿಸುತ್ತದೆ. ಅನಟೋಲಿಯದ ಗೋರ್ಡಿಯನ್ ಎಂಬ ಪ್ರಾಚೀನ ಊರಿನಲ್ಲಿ ಸಿಕ್ಕ ಹಳೆಯ ಜುನಿಪರ್ ಮರದ ಉಂಗುರಗಳನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಕ್ರಿ.ಪೂ. 1198ರಿಂದ 1196ರ ಸುಮಾರಿಗೆ ಆ ಸೀಮೆಯಲ್ಲಿ ಸತತ ಬರ ಬಿದ್ದಿತ್ತು. ಧಾನ್ಯದ ಉಗ್ರಾಣದ ಮೇಲೆ ನಿಂತಿದ್ದ ರಾಜ್ಯ ಕೆಲವೇ ವರ್ಷಗಳಲ್ಲಿ ಕುಸಿಯಿತು. ಅರಮನೆ, ಲಿಪಿಕಾರರು, ಬೆಣೆಲಿಪಿ ಎಲ್ಲವೂ ಹೋದವು. ದಕ್ಷಿಣದ ಊರುಗಳಲ್ಲಿ ಮಾತ್ರ ಗುಡುಗಿನ ದೇವರ ಪೂಜೆಯೂ ದ್ರಾಕ್ಷಿ ತೋಟವೂ ಮುಂದುವರಿದವು. ಬಳ್ಳಿಯ ಬೇರು ಆಳಕ್ಕೆ ಹೋಗುತ್ತದೆ, ಒಂದೆರಡು ವರ್ಷದ ಬರ ತಡೆಯುತ್ತದೆ. ಗೋಧಿ ಬಿತ್ತಲು ಪ್ರತಿ ವರ್ಷ ಬೀಜ ಬೇಕು, ಬರದಲ್ಲಿ ಹಸಿದವರು ಆ ಬೀಜವನ್ನೇ ತಿಂದುಬಿಡುತ್ತಾರೆ. ತೋಟ ಉಳಿಯಲು ಇದೂ ಒಂದು ಕಾರಣ ಎಂಬುದು ನನ್ನ ಅಭಿಪ್ರಾಯ.

ಕೊನೆಯದಾಗಿ ತಳಿಗಳು. ಈಗ ಟರ್ಕಿಯಲ್ಲಿ ಕಪ್ಪದೋಕ್ಯದ ಎಮಿರ್, ತೋಕತ್‌ನ ನಾರಿಂಜೆ, ಎಲಾಜಿಗ್‌ನ ಒಕುಜ್‌ಗೊಜು, ದಿಯಾರ್‌ಬಕಿರ್‌ನ ಬೊವಾಜ್‌ಕೆರೆ ಎಂಬ ಸ್ಥಳೀಯ ತಳಿಗಳಿವೆ. ಅಂಕಾರದ ಹತ್ತಿರದ ಕಲೆಜಿಕ್ ಕರಸಿ ಬೆಳೆಯುವುದು ಕಿಜಿಲಿರ್ಮಕ್ ನದಿಯ ಕಣಿವೆಯಲ್ಲಿ. ಹಿಟ್ಟೈಟರು ಮರಸ್ಸಂತಿಯ ಎಂದು ಕರೆದ, ಅವರ ನಾಡನ್ನು ಬಳಸಿ ಹರಿಯುವ ನದಿ ಅದೇ. ಇಷ್ಟರಿಂದಲೇ 'ಇದು ಹಿಟ್ಟೈಟರ ದ್ರಾಕ್ಷಿ' ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹಲಗೆಗಳಲ್ಲಿ ವೈನಿನ ಬಣ್ಣ, ರುಚಿ, ವಯಸ್ಸು ಬರೆದಿದ್ದಾರೆ. ಇವತ್ತಿನ ಯಾವ ತಳಿಗೂ ಜೋಡಿಸಬಹುದಾದ ಹೆಸರನ್ನು ಬರೆದಿಲ್ಲ. ಅಗೆತದಲ್ಲಿ ಸಿಗುವ ದ್ರಾಕ್ಷಿ ಬೀಜಗಳಲ್ಲಿ ಡಿಎನ್‌ಎ ಉಳಿದಿದ್ದರೆ ಅದನ್ನು ಇಂದಿನ ಬಳ್ಳಿಗಳ ಜೊತೆ ಹೋಲಿಸಿ ನೋಡಬಹುದು. ಸಂಬಂಧ ಇದೆಯೋ ಇಲ್ಲವೋ ಎಂಬುದನ್ನು ಆ ದಾರಿಯಲ್ಲೇ ತೀರ್ಮಾನಿಸಬೇಕು.